3ಸಿ 454.3ರ ಭುಗಿಲುಗಳು: ಗಾಮಾ ಮತ್ತು ರೇಡಿಯೊ ನಡುವಿನ ವಿಳಂಬ, ಮೂರನೆಯ ಟಿಪ್ಪಣಿ

ಬಾಹ್ಯಾಕಾಶದಲ್ಲಿರುವ ಫರ್ಮಿ ದೂರದರ್ಶಕದ ಗಾಮಾ ಕಿರಣಗಳ ದತ್ತಾಂಶವನ್ನೂ, ಕ್ಯಾಲಿಫೋರ್ನಿಯದ ಓವನ್ಸ್ ಕಣಿವೆಯ 40 ಮೀಟರ್ ರೇಡಿಯೊ ದೂರದರ್ಶಕದ 15 ಗಿಗಾಹರ್ಟ್ಸ್ ದತ್ತಾಂಶವನ್ನೂ ಈ ವಾರ ಒಂದೇ ಕಾಲರೇಖೆಯ ಮೇಲೆ ಕೂರಿಸಿದೆ. ಆಯ್ದುಕೊಂಡ ಬ್ಲೇಜಾರ್ (ನಡುವಿನ ಕಪ್ಪುಕುಳಿಯಿಂದಾಗಿ ಅತಿ ಪ್ರಖರವಾಗಿ ಬೆಳಗುವ ದೂರದ ಗ್ಯಾಲಕ್ಸಿ) 3ಸಿ 454.3, ಅದರ ಕೆಂಪು ಪಲ್ಲಟ, ಅಂದರೆ ವಿಶ್ವದ ಹಿಗ್ಗುವಿಕೆಯಿಂದ ಅದರ ಬೆಳಕಿನ ಅಲೆಗಳು ಹಿಗ್ಗಿರುವ ಪ್ರಮಾಣ, 0.859. ಸುಮಾರು 700 ಕೋಟಿ ವರ್ಷಗಳ ಹಿಂದೆ ಅಲ್ಲಿಂದ ಹೊರಟ ಗಾಮಾ ಕಿರಣಗಳು 2010ರ ನವೆಂಬರ್‌ನಲ್ಲಿ, ನಮ್ಮದೇ ಗ್ಯಾಲಕ್ಸಿಯೊಳಗಿನ ವೇಲಾ ಪಲ್ಸಾರ್ ಎಂಬ ಗಿರಗಿರನೆ ತಿರುಗುವ ನ್ಯೂಟ್ರಾನ್ ನಕ್ಷತ್ರವನ್ನೂ ಮಂಕಾಗಿಸುವಷ್ಟು ಪ್ರಖರವಾಗಿದ್ದವು. ಅಲ್ಲಿನ ಜೆಟ್, ಅಂದರೆ ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಪ್ಲಾಸ್ಮಾ ಧಾರೆ, ಹೆಚ್ಚುಕಡಿಮೆ ನಮ್ಮತ್ತಲೇ ಮುಖಮಾಡಿದೆ; ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಧಾವಿಸುವ ಪ್ಲಾಸ್ಮಾದ ವಿಕಿರಣವು ಚಲನೆಯ ದಿಕ್ಕಿಗೆ ಕೇಂದ್ರೀಕೃತವಾಗುವುದರಿಂದ ಈ ಪ್ರಖರತೆ ಸಾಧ್ಯವಾಗುತ್ತದೆ.

ಗಾಮಾ ಭುಗಿಲಿನ (ಹೊಳಪಿನ ಹಠಾತ್ ಏರಿಕೆಯ) ಹಿಂದೆ ರೇಡಿಯೊ ಭುಗಿಲು ಎಷ್ಟು ದಿನ ತಡವಾಗಿ ಬರುತ್ತದೆ ಎಂಬುದೇ ನನ್ನ ಪ್ರಶ್ನೆ. ಜೆಟ್‌ನ ಬುಡದಲ್ಲಿ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತ ತಾವೇ ಹೊಮ್ಮಿಸಿದ ಸಿಂಕ್ರೊಟ್ರಾನ್ ರೇಡಿಯೊ ಅಲೆಗಳನ್ನು ಮತ್ತೆ ಹೀರಿಕೊಳ್ಳುತ್ತವೆ. ಕ್ಷೋಭೆಯೊಂದು ಹೊರಮುಖವಾಗಿ ಸಾಗಿ, 15 ಗಿಗಾಹರ್ಟ್ಸ್‌ಗೆ ಜೆಟ್ ಪಾರದರ್ಶಕವಾಗುವ ತಾಣವನ್ನು ತಲುಪುವವರೆಗೂ ಅದರ ರೇಡಿಯೊ ಹೊಳಪು ನಮಗೆ ಪೂರ್ತಿಯಾಗಿ ಕಾಣಿಸುವುದಿಲ್ಲ. ಆದ್ದರಿಂದ ಭುಗಿಲು ಗಾಮಾದಲ್ಲಿ ಎಲ್ಲಿ ಹುಟ್ಟಿತು, ರೇಡಿಯೊದಲ್ಲಿ ಎಲ್ಲಿ ಬಯಲಾಯಿತು ಎಂಬುದರ ಅಂತರವನ್ನು ವಿಳಂಬದಿಂದ ಅಂದಾಜಿಸಬಹುದು. ಕೆಂಪು ಪಲ್ಲಟದಿಂದ ಕಾಲವೂ 1.859 ಪಟ್ಟು ಹಿಗ್ಗಿ ಕಾಣುವುದರಿಂದ, ನಾವು ಅಳೆಯುವ 100 ದಿನಗಳು ಆ ಗ್ಯಾಲಕ್ಸಿಯ ಗಡಿಯಾರದಲ್ಲಿ ಸುಮಾರು 54 ದಿನ ಮಾತ್ರ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮೊದಲ ಯತ್ನದಲ್ಲಿ ರೇಡಿಯೊ ಅಳತೆಗಳ ನಡುವಿನ ತೆರಪುಗಳನ್ನು ಸರಳರೇಖೆಯಿಂದ ತುಂಬಿದ್ದೆ. ಇಲ್ಲದ ಅಳತೆಗಳು ಫಲಿತಾಂಶವನ್ನು ನುಣುಪಾಗಿಸಿಬಿಟ್ಟವು. ಅದನ್ನು ಕೈಬಿಟ್ಟು, ಅಸಮ ಅಂತರದ ಅಳತೆಗಳಿಗೆಂದೇ ಎಡೆಲ್ಸನ್ ಮತ್ತು ಕ್ರೋಲಿಕ್ 1988ರಲ್ಲಿ ರೂಪಿಸಿದ ವಿವಿಕ್ತ ಸಹಸಂಬಂಧ ವಿಧಾನಕ್ಕೆ ಬಂದೆ; ಒಂದು ಹೊಳಪಿನ ರೇಖೆಯನ್ನು ಬೇರೆಬೇರೆ ದಿನಗಳಷ್ಟು ಜರುಗಿಸಿದಾಗ ಅದು ಇನ್ನೊಂದರೊಡನೆ ಎಷ್ಟು ಹೊಂದುತ್ತದೆ ಎಂಬುದನ್ನು ಅದು ಅಳೆಯುತ್ತದೆ. ಆಗ ಹೊಂದಿಕೆಯ ಶಿಖರವೇನೋ ಸ್ಪಷ್ಟವಾಗಿ ಎದ್ದಿತು, ಆದರೆ ರೇಡಿಯೊವೇ ಮೊದಲು ಬಂದಂತೆ ತೋರಿಸಿತು. ಹೊಸ ಭೌತವಿಜ್ಞಾನ ಸಿಕ್ಕಿತೆಂದು ಹಿಗ್ಗುವ ಮೊದಲು, ನಾನೇ 50 ದಿನ ಜರುಗಿಸಿದ ಕೃತಕ ರೇಖೆಯೊಂದನ್ನು ಅದೇ ಪ್ರೋಗ್ರಾಮಿಗೆ ಕೊಟ್ಟು ನೋಡಿದೆ. ಪ್ರೋಗ್ರಾಮಿನಲ್ಲಿ ತಪ್ಪಿದ್ದದ್ದು ಒಂದು ಋಣ ಚಿಹ್ನೆ.

ಚಿಹ್ನೆ ಸರಿಪಡಿಸಿದ ಮೇಲೆ ರೇಡಿಯೊ ಹಿಂದೆ ಸರಿಯಿತಾದರೂ ಆ ಶಿಖರವನ್ನು ನಾನಿನ್ನೂ ನಂಬಿಲ್ಲ. ಬ್ಲೇಜಾರ್‌ಗಳ ಏರಿಳಿತ ಕೆಂಪು ಸದ್ದಿನ ಸ್ವಭಾವದ್ದು, ಅಂದರೆ ದೀರ್ಘಾವಧಿಯ ಬದಲಾವಣೆಗಳೇ ಅದರಲ್ಲಿ ದೊಡ್ಡವು. ಹೀಗಾಗಿ ಪರಸ್ಪರ ಸಂಬಂಧವೇ ಇಲ್ಲದ ಎರಡು ರೇಖೆಗಳಲ್ಲಿ ತಲಾ ಒಂದು ದೊಡ್ಡ ಉಬ್ಬು ಇದ್ದರೂ ಎಲ್ಲೋ ಒಂದು ವಿಳಂಬದಲ್ಲಿ ಅವು ಹೊಂದಿಕೊಂಡೇ ತೀರುತ್ತವೆ. ಇದನ್ನು ಪರೀಕ್ಷಿಸಲು ಟಿಮ್ಮರ್ ಮತ್ತು ಕೋನಿಗ್ ಅವರ 1995ರ ವಿಧಾನದಂತೆ ಕೆಂಪು ಸದ್ದಿನ, ಆದರೆ ಪರಸ್ಪರ ಸಂಬಂಧವಿಲ್ಲದ 1000 ಜೋಡಿ ಕೃತಕ ರೇಖೆಗಳನ್ನು ಸೃಷ್ಟಿಸಿದೆ. ನನ್ನ ಶಿಖರದಷ್ಟೇ ಎತ್ತರದವು ಅವುಗಳಲ್ಲಿ ನೆಮ್ಮದಿ ಕೆಡಿಸುವಷ್ಟು ಸಲ ಕಾಣಿಸಿಕೊಂಡವು. 2010ರ ಭುಗಿಲನ್ನು ಕತ್ತರಿಸಿ ತೆಗೆದಾಗಲಂತೂ ಶಿಖರ ಕುಗ್ಗಿ ಅಗಲವಾಯಿತು.

ಮುಂದಿನ ವಾರ ಮೂರು ದಿನಗಳ ಸರಾಸರಿಗೆ ಬದಲಾಗಿ ವಾರದ ಸರಾಸರಿಯ ಗಾಮಾ ದತ್ತಾಂಶ ಬಳಸಿ, ಮೇಲ್ಮಿತಿಯೆಂದು ಗುರುತಿಸಿದ (ಹೊಳಪು ಸ್ಪಷ್ಟವಾಗಿ ಸಿಗದೆ ಅದರ ಗರಿಷ್ಠ ಮಿತಿಯಷ್ಟೇ ತಿಳಿದ) ಬಿಂದುಗಳನ್ನು ಹೊರಗಿಟ್ಟು, ಇದೇ ಪರೀಕ್ಷೆಯನ್ನು ಇನ್ನೊಂದು ಬ್ಲೇಜಾರ್ ಆದ 3ಸಿ 279ರ ಮೇಲೂ ನಡೆಸಲಿದ್ದೇನೆ.