ಕೊಪ್ಪಳದ ಗುಡ್ಡದಲ್ಲಿ ನಾರುವ ಹೂವಿನ ಹುಡುಕಾಟ

ಮೊದಲ ಸಲ ನಾನು ಹೋಗಿದ್ದು ಏಪ್ರಿಲ್‌ನಲ್ಲಿ. ದೊಡ್ಡ ತಪ್ಪು. ಕೊಪ್ಪಳದ ಕಲ್ಲುಗುಡ್ಡ ಆಗ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ. ಗಿಡ ಸೊರಗಿ, ಎದುರಿಗೇ ಇದ್ದರೂ ಗೊತ್ತಾಗುವುದಿಲ್ಲ. ನೀವು ಮಳೆಗಾಲದ ಕೊನೆಗೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಹೋಗಿ.

ನಾನು ಹುಡುಕಿದ್ದು ಕ್ಯಾರಲುಮಾ ಅಂಬೆಲೇಟಾ. ನೋಡಲು ಕಳ್ಳಿ, ಆದರೆ ಎಕ್ಕದ ಗಿಡದ ಬಳಗ. ದಂಟು ಹೆಬ್ಬೆರಳು ಗಾತ್ರ, ನಾಲ್ಕು ಏಣು, ಎಲೆ ಇಲ್ಲ, ಮುಳ್ಳೂ ಇಲ್ಲ. ಬೇಲಿಗೆ ಹಚ್ಚುವ ಕಳ್ಳಿಗೆ ಮುಳ್ಳಿರುತ್ತದೆ, ಮುರಿದರೆ ಬಿಳಿ ಹಾಲು ಬರುತ್ತದೆ. ಇದರಲ್ಲಿ ಹಾಲಿಲ್ಲ. ಹಾಗಂತ ಮುರಿದು ನೋಡಬೇಡಿ. ಆ ಏಪ್ರಿಲ್‌ನಲ್ಲಿ ನಾನು ಮುರಿದದ್ದು ಕಳ್ಳಿಯನ್ನೇ. ಅದೇ ಕೈಯಲ್ಲಿ ಬೆವರು ಒರೆಸಿಕೊಂಡು, ಕಣ್ಣುರಿಯಿಂದ ಗುಡ್ಡ ಇಳಿದೆ.

ಬೆಂಗಳೂರಿನವರಿಗೆ ಹಂಪಿ ಎಕ್ಸ್‌ಪ್ರೆಸ್ ಸುಲಭ. ರಾತ್ರಿ ಹತ್ತಿದರೆ ಬೆಳಿಗ್ಗೆ ಕೊಪ್ಪಳ. ಆ ದಿನ ಗವಿಮಠ, ಪಾಲ್ಕಿಗುಂಡು ನೋಡಿ, ಎರಡೂ ಕಡೆ ಅಶೋಕನ ಶಾಸನ ಇದೆ. ಗುಡ್ಡಕ್ಕೆ ಮರುದಿನ ಬೆಳಿಗ್ಗೆ 6ಕ್ಕೇ ಹೊರಡಿ. ಬೂಟು, ದಪ್ಪ ಪ್ಯಾಂಟು, ಒಂದು ಕೋಲು, ಒಬ್ಬರಿಗೆ ಎರಡು ಲೀಟರ್ ನೀರು. ಮೇಲೆ ಏನೂ ಸಿಗುವುದಿಲ್ಲ.

ಎರಡನೇ ಸಲವೂ ಒಂದು ತಾಸು ಬಂಡೆ ಸಂದುಗಳಲ್ಲೇ ಸುಮ್ನೆ ಅಲೆದೆ. ಆಡು ಕಾಯುತ್ತಿದ್ದ ಅಜ್ಜ ಒಬ್ಬರು ನೋಡಿ ನೋಡಿ ಸಾಕಾಗಿ ಕೇಳಿದರು, "ಏನರ ಕಳಕೊಂಡೀರೇನ್ರಿ?" ಫೋಟೋ ತೋರಿಸಿದೆ. "ಬಯಲಾಗ ಎಲ್ಲಿ ಸಿಗತೈತ್ರಿ ಅದು? ಕಂಟಿಯೊಳಗ ನೋಡ್ರಿ. ಹೊರಗಿದ್ರ ಆಡು ಬಿಡ್ತಾವೇನು?"

ಕೋಲಿನಿಂದ ಒಂದು ಬೋರೆಹಣ್ಣಿನ ಕಂಟಿಯ, ಅಂದರೆ ಮುಳ್ಳುಪೊದೆಯ, ಕೊಂಬೆ ಮೆಲ್ಲಗೆ ಸರಿಸಿದೆ. ನೊಣಗಳ ಗುಂಯ್ ಶಬ್ದ ಮೊದಲು, ಗಿಡ ಆಮೇಲೆ. ದಂಟಿನ ತುದಿಯಲ್ಲಿ ಚೆಂಡಿನಂತೆ ಒತ್ತೊತ್ತಾಗಿ ಹೂ. ಹಳದಿ ಎಸಳಿನ ಮೇಲೆ ಕಂದು ಗೆರೆಗಳು, ಯಾರೋ ಸಣ್ಣ ಕುಂಚದಲ್ಲಿ ಎಳೆದಂತೆ. ಮೂಗು ಹತ್ತಿರ ತಂದರೆ ಸತ್ತ ಇಲಿಯ ವಾಸನೆ! ಅದಕ್ಕೇ ನೊಣ ಮುತ್ತುವುದು, ಪರಾಗ ಸಾಗಿಸುವುದೂ ಅವೇ. ಪಕ್ಕದಲ್ಲೇ ಕೋಡಿನಂತೆ ಜೋಡಿ ಕಾಯಿ. ಒಡೆದರೆ ಬೀಜಗಳು ಎಕ್ಕದ ಬೀಜದಂತೆ ರೇಷ್ಮೆ ಕುಚ್ಚು ಕಟ್ಟಿಕೊಂಡು ಹಾರುತ್ತವೆ.

ಕಂಟಿಯ ನೆರಳು, ಮುಳ್ಳಿನ ಕಾವಲು ಎರಡೂ ಬೇಕು ಇದಕ್ಕೆ. ಸೌದೆಗೋ ಬೇಲಿಗೋ ಕಂಟಿ ಕಡಿದರೆ ಬಿಸಿಲು, ಆಡು ಸೇರಿ ಗಿಡ ಮುಗಿಸುತ್ತವೆ. ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಬಿದ್ದರೂ ಅಷ್ಟೇ. ಇನ್ನು ಕಲ್ಲು ಕ್ವಾರಿ ಬಂದರೆ ಗುಡ್ಡವೇ ಇರುವುದಿಲ್ಲ, ಅಲ್ವಾ? ಇದರ ಸೋದರ ಗಿಡ ಕ್ಯಾರಲುಮಾ ಫಿಂಬ್ರಿಯೇಟಾ. ಕುರಿ ಕಾಯುವವರು ಹಸಿವಾದಾಗ ಹಸಿಯಾಗಿಯೇ ತಿನ್ನುತ್ತಿದ್ದ ಗಿಡ ಅದು. ಈಗ ತೂಕ ಇಳಿಸುವ ಮಾತ್ರೆಯಾಗಿ ಮಾರಾಟವಾಗುತ್ತಿದೆ. ಕುಂಡದಲ್ಲಿ ಬೆಳೆಸುವ ಆಸೆಗೆ ಕಾಡಿನಿಂದ ಕಿತ್ತು ತರುವವರೂ ಇದ್ದಾರೆ.

ಅದಕ್ಕೇ ಯಾವ ಗುಡ್ಡ ಅಂತ ಬರೆಯುತ್ತಿಲ್ಲ, ಬೈಯಬೇಡಿ. ಫೋಟೋ ಹಾಕುವಾಗ ಲೊಕೇಶನ್ ತೆಗೆದುಹಾಕಿ. ಸರಿಸಿದ ಕೊಂಬೆಯನ್ನು ಮೊದಲಿನ ಹಾಗೇ ಬಿಡಿ. ನಾನು ಮರೆತು ಎದ್ದು ಹೊರಟಿದ್ದೆ. ಅಜ್ಜ ಹಿಂದಿನಿಂದ ಕೂಗಿದರು, "ಬಾಗಲಾ ಹಾಕ್ಕೊಂಡ್ ಹೋಗ್ರಿ!"