ಎಡವಿದವನು ಓದಿದವ, ಬೈಗುಳ ಬರೆದವನಿಗೆ

ನಾಲ್ಕನೇ ತರಗತಿಯಲ್ಲಿ ನಮಗೆ ಕಲಿಸಿದ ನಶ್ಯ ಮಾಸ್ಟ್ರು ತೀರಿಕೊಂಡ ಸುದ್ದಿ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೈಮುಗಿದ ಚಿತ್ರಗಳು ಸಾಲಾಗಿ ಬಿದ್ದವು. ನಾಲ್ಕು ಸಾಲು ಬರೆದವರು ಒಬ್ಬರೂ ಇಲ್ಲ. ಅವರ ಕೈಯಲ್ಲಿ ಕಲಿತವರು ಹೀಗಾ? ಶಾಲೆಯ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಕೇಳಿದಾಗ ಕೂಡಲೇ ಒಪ್ಪಿದೆ.

1984ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಅದುವರೆಗೆ ನಾವು ಕಣ್ಣೂರು ಜಿಲ್ಲೆಯವರು. ಜೂನಿನಲ್ಲಿ ಶಾಲೆ ಶುರುವಾದಾಗ ನಾನು ನಾಲ್ಕನೇ ತರಗತಿ. ಮಾಸ್ಟ್ರು ಹಳೆಯ ಉದಯವಾಣಿ ತಂದು ಹೊಸ ಜಿಲ್ಲೆಯ ಸುದ್ದಿ ಓದಿಸಿದರು. ಆಮೇಲೆ ಎಲ್ಲರೂ ನೆಂಟರಿಗೆ ಒಂದೊಂದು ಕಾರ್ಡು ಬರೆಯಬೇಕು, ನಮ್ಮ ಜಿಲ್ಲೆ ಬದಲಾಗಿದೆ ಎಂದು. ಓದಿಸಿದ ಮೇಲೆ ಬರೆಸದೆ ಬಿಡುವ ಜನ ಅಲ್ಲ ಅವರು. ಪಠ್ಯಪುಸ್ತಕದಲ್ಲಿ ಏನಿತ್ತು ಅಂತ ಮಾತ್ರ ಕೇಳಬೇಡಿ, ಒಂದು ಪದ್ಯವೂ ನೆನಪಿಲ್ಲ.

ತರಗತಿಯಲ್ಲಿ ಮನೆಮಾತು ಒಬ್ಬೊಬ್ಬರದು ಒಂದೊಂದು. ತುಳು, ಹವ್ಯಕ ಕನ್ನಡ, ಮಲಯಾಳ, ಮರಾಠಿ, ಕೊಂಕಣಿ. ಉಕ್ತಲೇಖನ ಅಂದರೆ ಎಲ್ಲರಿಗೂ ಹೊಟ್ಟೆಯಲ್ಲಿ ನಡುಕ. ಮಾಸ್ಟ್ರು ಅದನ್ನು ಕಡಿಮೆ ಮಾಡಿ ಬೇರೆ ಕ್ರಮ ಹಿಡಿದರು. ಸ್ವಂತವಾಗಿ ನಾಲ್ಕು ವಾಕ್ಯ ಬರೆಯಬೇಕು. ಪುಸ್ತಕ ಅದಲುಬದಲು. ಪಕ್ಕದವನು ಎದ್ದು ನಿಂತು ಗಟ್ಟಿಯಾಗಿ ಓದಬೇಕು. ಅವನು ಎಡವಿದರೆ ಬೈಗುಳ ಬರೆದವನಿಗೆ! ದೀರ್ಘ ಬಿಟ್ಟದ್ದು, ಒತ್ತಕ್ಷರ ತಪ್ಪಿದ್ದು ಎಲ್ಲ ಅಲ್ಲೇ ಸಿಕ್ಕಿಬೀಳುತ್ತಿತ್ತು. ಕೆಂಪು ಶಾಯಿಗೆ ಕೆಲಸವೇ ಇರಲಿಲ್ಲ.

ಬಯಲಾಟದ, ಅಂದರೆ ರಾತ್ರಿಯಿಡೀ ನಡೆಯುವ ಯಕ್ಷಗಾನದ ಕಾಲದಲ್ಲಿ ಇನ್ನೂ ಮಜಾ. ಕುಂಬಳೆ ಸೀಮೆ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಆಟ ಬಿಡುವವರುಂಟೇ? ಮರುದಿನ ಅರ್ಧ ತರಗತಿ ತೂಕಡಿಸುತ್ತಿತ್ತು. "ನಿದ್ದೆ ಬರುವ ತನಕ ನೋಡಿದ್ದನ್ನು ಬರೆಯಿರಿ" ಎನ್ನುತ್ತಿದ್ದರು ಮಾಸ್ಟ್ರು. ಬೆಳಗಿನವರೆಗೆ ಕೂತವನು ಅದನ್ನು ಓದಿ, ಉಳಿದ ಕಥೆಯನ್ನು ಅದರ ಕೆಳಗೇ ಬರೆಯಬೇಕು. ಹನುಮಂತ ಸಮುದ್ರ ಹಾರಿದ್ದು ಒಬ್ಬನ ಅಕ್ಷರದಲ್ಲಿ, ಲಂಕೆ ಸುಟ್ಟದ್ದು ಇನ್ನೊಬ್ಬನ ಅಕ್ಷರದಲ್ಲಿ.

ಒಮ್ಮೆ ಶಾಲೆ ತಪಾಸಣೆಯ ಅಧಿಕಾರಿ ಎ.ಇ.ಒ. ಬಂದರು. ಅವತ್ತು ನಾನು ಬರೆದದ್ದು ಹೀಗೆ: ಮಾಸ್ಟ್ರು ನಶ್ಯ ಏರಿಸಿ ಸೀನಿದರು ಮತ್ತೆ ಸೀನಿದರು ಪುನಃ ಸೀನಿದರು ಬೋರ್ಡಿನ ಅಕ್ಷರ ಹಾರಿಹೋಯಿತು. ಪುಸ್ತಕ ಯಾರ ಕೈಗೆ ಹೋಗುತ್ತದೆ ಅಂತ ಗೊತ್ತಿತ್ತು. ಪಾಪ, ಅವನು ಏನೂ ಯೋಚಿಸದೆ ಒಂದೇ ಉಸಿರಿಗೆ ಓದಿಬಿಟ್ಟ. ಎ.ಇ.ಒ. ಹೊಟ್ಟೆ ಹಿಡಿದು ನಕ್ಕರು. ಮಾಸ್ಟ್ರ ಮುಖ ಕೆಂಪು. ಜೀಪು ಹೋದ ಮೇಲೆ ನನ್ನನ್ನು ಕರೆದರು. ಬೆತ್ತ ಖಂಡಿತ ಅಂದುಕೊಂಡೆ.

"ಸೀನಿದ್ದು ಸರಿ. ಚುಕ್ಕೆ ಎಲ್ಲಿ ಮಾರಾಯ? ಇವ ಉಸಿರು ತೆಗೆಯುವುದು ಎಲ್ಲಿ?"

ಪತ್ರಿಕೆಗಳಲ್ಲಿ ಆಗಾಗ ಬರುವ ನನ್ನ ಲೇಖನಗಳನ್ನು ನೀವು ನೋಡಿರಬಹುದು. ವಾಕ್ಯ ಚಿಕ್ಕದು, ಓದಲು ಸುಲಭ ಅಂತ ತುಂಬ ಜನ ಹೇಳುತ್ತಾರೆ. ಆ ಹೊಗಳಿಕೆಯಲ್ಲಿ ಅರ್ಧ ಮಾಸ್ಟ್ರದು. ಅರ್ಧ ನನ್ನದೇ, ಇರಲಿ ಬಿಡಿ.

ಈಗ ಓದುವುದಕ್ಕೆ ಒಂದು ಪೀರಿಯಡ್, ಬರೆಯುವುದಕ್ಕೆ ಇನ್ನೊಂದು. ಬರೆಯುವುದು ಅಂದರೂ ಬೋರ್ಡು ನೋಡಿ ಇಳಿಸಿಕೊಳ್ಳುವುದೇ ಜಾಸ್ತಿ. ಮಗು ಬರೆದದ್ದನ್ನು ಇನ್ನೊಂದು ಮಗು ಓದುವುದೇ ಇಲ್ಲ. ಟೀಚರಿಗೂ ಟಿಕ್ ಹಾಕುವಷ್ಟೇ ಪುರುಸೊತ್ತು. ಕನ್ನಡ ಬಾರದವರನ್ನು ಕನ್ನಡ ತರಗತಿಗೆ ನೇಮಿಸಿದ್ದೂ ನಮ್ಮ ಗಡಿನಾಡಿನಲ್ಲಿ ಉಂಟು. ಮಗು ಎಲ್ಲಿ ಎಡವಿತು ಅಂತ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಇದನ್ನು ಕಳಿಸುವ ಮೊದಲು ಮಗಳ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ಒಂದೆರಡು ಕಡೆ ಎಡವಿದಳು, ತಿದ್ದಿದೆ. ಉಕ್ತಲೇಖನ ಎನ್ನುವಲ್ಲಿ ನಿಂತದ್ದು ಮಾತ್ರ ಅವಳದೇ ತಪ್ಪು ಎಂದು ನನ್ನ ವಾದ. ಅವಳು ಒಪ್ಪಿಲ್ಲ.