ಗಜಲಕ್ಷ್ಮಿ: ಗೆಸ್ಸೋ ಮುಗೀತು, ಚಿನ್ನದ ರೇಕು ಬಾಕಿ

ಹೋದ ಸಲ ಇಲ್ಲಿ ಬರೆದಾಗ, ನಾನು ಮೈಸೂರು ಶೈಲಿಯಲ್ಲಿ ಮಾಡುತ್ತಿರುವ ಚಿತ್ರದ ಗಜಲಕ್ಷ್ಮಿ ಬರೀ ಪೆನ್ಸಿಲ್ ಗೆರೆಯಲ್ಲಿದ್ದಳು. ಈಗ ಕಿರೀಟ, ಕಾಸಿನ ಸರ, ಡಾಬು, ಪ್ರಭಾವಳಿ ಎಲ್ಲಕ್ಕೂ ಗೆಸ್ಸೋ, ಅಂದರೆ ಚಿನ್ನದ ರೇಕಿನ ಕೆಳಗೆ ಉಬ್ಬು ಬರಲು ಇಡುವ ಲೇಪ, ಆಗಿದೆ. ಮೈಸೂರು ಶೈಲಿಯಲ್ಲಿ ಇದು ತಂಜಾವೂರು ಚಿತ್ರಗಳಷ್ಟು ಉಬ್ಬಿರಬಾರದು. ಹಳದಿ ಬಣ್ಣದ ಆ ಲೇಪವನ್ನು ಕುಂಚದ ತುದಿಯಲ್ಲಿ ತೆಗೆದು ಹನಿ ಹನಿಯಾಗಿ ಇಡಬೇಕು. ಉಸಿರು ಬಿಗಿಹಿಡಿದರೆ ಕೈ ನಡುಗುತ್ತದೆ. ಉಸಿರು ಬಿಡುತ್ತಾ ಹನಿ ಇಳಿಸಬೇಕು. ಬೇರೆ ಧ್ಯಾನ ಯಾಕೆ ಬೇಕು, ಅಲ್ವಾ?

ಇದನ್ನು ಶುರು ಮಾಡಿದ್ದು ವರಮಹಾಲಕ್ಷ್ಮಿ ಹಬ್ಬದ ನಂತರ. ಹಬ್ಬ ಮುಟ್ಟಿನ ದಿನಕ್ಕೇ ಬಿದ್ದಿತ್ತು. ಹಿಂದಿನ ರಾತ್ರಿ ಒಬ್ಬಟ್ಟಿಗೆ ಹೂರಣ ರುಬ್ಬಿದವಳು ನಾನು; ಬೆಳಗ್ಗೆ ದೇವರ ಮನೆ ಹೊಸಿಲು ದಾಟುವಂತಿಲ್ಲ. ಯಾರೂ ಗದರಲಿಲ್ಲ. "ನೀನು ಆ ಕಡೆ ಕೂತ್ಕೋಮ್ಮ" ಅಂದರು ಅತ್ತೆ, ಪ್ರೀತಿಯಿಂದಲೇ. ಅದೇ ಜಾಸ್ತಿ ಚುಚ್ಚಿತು. ಆಮೇಲೆ ದೀಪ ಹಚ್ಚುವಾಗಲೆಲ್ಲ ಒಳಗೊಂದು ಕಿರಿಕಿರಿ. ನಂಬಿಕೆ ಹೋಯಿತಾ, ಬರೀ ಸಿಟ್ಟಾ, ತಿಳಿಯಲಿಲ್ಲ.

ಹಾಗಾಗಿ ಒಂದು ನಿಯಮ ಹಾಕಿಕೊಂಡೆ. ಆ ದಿನಗಳಲ್ಲೂ ಕುಂಚ ಕೆಳಗಿಡುವುದಿಲ್ಲ. ಮೊದಮೊದಲು ಕೈ ಹಿಂಜರಿಯಿತು. ದೇವಿಯನ್ನು ಬಿಟ್ಟು ಆನೆ, ಕೊಡ, ತಾವರೆ ಎಲೆಗಳನ್ನೇ ಮಾಡುತ್ತಿದ್ದೆ. ಈ ತಿಂಗಳು ನೇರ ದೇವಿಯ ಪಾದದ ಗೆಜ್ಜೆಗೇ ಕೂತೆ. ಒಂದೊಂದಕ್ಕೂ ಸಾಸಿವೆ ಕಾಳಿನಷ್ಟು ಹನಿ, ಒಣಗಿದ ಮೇಲೆ ಇನ್ನೊಂದು. ಎಡಗಾಲು ಮುಗಿಯುವಷ್ಟರಲ್ಲಿ ಭಯ ಹೋಗಿತ್ತು. ಸಿಟ್ಟು ಇತ್ತು, ಆದರೆ ದೇವಿಯ ಮೇಲಲ್ಲ, ಮನೆಯ ಕಟ್ಟಳೆ ಮೇಲೆ. ಇಷ್ಟು ದಿನ ಎರಡನ್ನೂ ಒಟ್ಟಿಗೆ ಕಲಸಿಕೊಂಡಿದ್ದೆ.

ಹಳೆಯ ಚಿತ್ರಗಾರರು ದೇವರ ರೂಪ ಹೇಳುವ ಧ್ಯಾನಶ್ಲೋಕ ನೋಡಿ ಬರೆಯುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿ ಗ್ರಂಥದಲ್ಲಿ ಅಂಥ ಶ್ಲೋಕಗಳೂ ಚಿತ್ರಗಳೂ ಇವೆ. ನಾನು ಇಟ್ಟುಕೊಂಡಿರುವ ಶ್ಲೋಕದಲ್ಲಿ ಮೇಲಿನ ಕೈಗಳಲ್ಲಿ ತಾವರೆ, ಕೆಳಗೆ ಅಭಯ, ವರದ. ಬರೆಯುವವಳು ಯಾವ ದಿನ ದೂರ ಇರಬೇಕು ಅನ್ನುವ ಮಾತು ಅದರಲ್ಲಿಲ್ಲ.

ಗುವಾಹಟಿಯ ಕಾಮಾಖ್ಯ ದೇವಿಯ ಗುಡಿಯಲ್ಲಿ ಅಂಬುಬಾಚಿ ಹಬ್ಬದ ಹೊತ್ತಿಗೆ ದೇವಿಯೇ ಮುಟ್ಟಾಗುತ್ತಾಳೆ ಅಂತ ಮೂರು ದಿನ ಬಾಗಿಲು ಮುಚ್ಚುತ್ತಾರೆ. ಬಾಗಿಲು ತೆರೆದಾಗ ಜನ ಮುಗಿಬೀಳುತ್ತಾರೆ. ಅತ್ತೆಗೆ ಇದನ್ನು ಹೇಳಿದೆ. "ಅಲ್ಲಿದು ಅಲ್ಲಿಗೆ" ಅಂತ ಕಾಫಿ ಸೋಸಿದರು. ಆದರೆ ಗೆಜ್ಜೆ ಯಾವತ್ತು ಮಾಡಿದ್ದು ಅಂತ ಗೊತ್ತಿದ್ದೂ, ಚಿತ್ರ ಮುಗಿದರೆ ದೇವರ ಮನೆಗೇ ಬೇಕು ಅನ್ನುತ್ತಿದ್ದಾರೆ. ನನಗೆ ಹಾಲ್‌ನಲ್ಲಿ ಹಾಕುವ ಆಸೆ. ಆ ಚರ್ಚೆ ಇನ್ನೂ ನಡೆದಿದೆ.

ಮುಂದಿನ ವಾರ ರೇಕು ಅಂಟಿಸುವುದು. ಫ್ಯಾನ್ ಆರಿಸಿ ಕೂರಬೇಕು, ಇಲ್ಲಾಂದ್ರೆ ಹಾರಿಹೋಗುತ್ತದೆ. ಬಣ್ಣ ಆಮೇಲೆ, ಕಣ್ಣು ಎಲ್ಲಕ್ಕಿಂತ ಕೊನೆಗೆ.